‘ಅಮೆರಿಕದವರು ಶಾಲೆ ಕಟ್ಟಿದರು, ತಾವಾಗಿಯೇ ಬಿಟ್ಟು ಹೋದರು’: ಇದೆಷ್ಟು ನಿಜ?

ಪ್ರಶ್ನೆ: ನನ್ನ ಮಗಳು ಫಿಲಿಪ್ಪೀನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅಲ್ಲಿ ಜೀಪ್ನಿ ಓಡಿಸುವವರೂ ಇಂಗ್ಲಿಷ್ ಮಾತಾಡುತ್ತಾರೆ, ಗಲ್ಲಿಗಲ್ಲಿಯಲ್ಲಿ ಬಾಸ್ಕೆಟ್‌ಬಾಲ್ ಅಂಕಣ ಇದೆ, ಆಡಳಿತವೆಲ್ಲ ಅಮೆರಿಕದ ಮಾದರಿ ಅನ್ನುತ್ತಾಳೆ. ಅಮೆರಿಕದ ಕಾಲ ಒಳ್ಳೆಯದಿತ್ತು ಎಂದು ಅವಳ ಸಹಪಾಠಿಗಳೇ ಹೇಳುತ್ತಾರಂತೆ. ‘ಅಮೆರಿಕ ಶಾಲೆ ಕಟ್ಟಿತು, ಸ್ವಾತಂತ್ರ್ಯ ಕೊಟ್ಟು ತಾನಾಗಿಯೇ ಹೊರಟಿತು, ನಮಗೆ ಬ್ರಿಟಿಷರ ಬದಲು ಅವರು ಸಿಕ್ಕಿದ್ದರೆ ಚೆನ್ನಾಗಿತ್ತು’ ಎಂಬ ವಾಟ್ಸಾಪ್ ಸಂದೇಶವೂ ನಮ್ಮ ಗುಂಪಿನಲ್ಲಿ ಓಡಾಡುತ್ತಿದೆ. ಇದು ನಿಜವೇ? ಇನ್ನೊಂದು ಗೊಂದಲ: ಪೋರ್ಟೊ ರಿಕೊದವರು ಅಮೆರಿಕದ ಪೌರರು, ಫಿಲಿಪ್ಪೀನ್ಸ್‌ನವರು ಅಲ್ಲ. ಯಾಕೆ? ಪೌರರಾಗಿದ್ದರೂ ಪೋರ್ಟೊ ರಿಕೊದವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲವಂತೆ. ಹಾಗಾದರೆ ಅವರ ಮುಂದಿರುವ ದಾರಿ ಏನು? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಶಾಲೆ ಕಟ್ಟಿದ್ದು ನಿಜ. ತಾವಾಗಿಯೇ ಬಿಟ್ಟು ಹೋದರು ಅನ್ನುವುದು ಅರ್ಧ ನಿಜ. ನಯವಾಗಿ ಆಳಿದರು ಅನ್ನುವುದು ಸುಳ್ಳು. ಫಿಲಿಪ್ಪೀನ್ಸನ್ನು ಬಿಟ್ಟದ್ದೂ ಪೋರ್ಟೊ ರಿಕೊವನ್ನು ಇಟ್ಟುಕೊಂಡದ್ದೂ ಆ ದ್ವೀಪದವರ ಇಷ್ಟ ಕೇಳಿ ಆದ ತೀರ್ಮಾನಗಳಲ್ಲ. ಅಮೆರಿಕದ ಒಳಗಿನ ಲೆಕ್ಕಾಚಾರ ಅದು, ಆ ಲೆಕ್ಕದಲ್ಲಿ ಸಕ್ಕರೆಯದು ದೊಡ್ಡ ಪಾಲು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಮೊದಲನೆಯದರ ಹೊಟ್ಟೆಯಲ್ಲೇ ಇದೆ.

ಕ್ಯೂಬಾದ ವಿಷಯಕ್ಕೆ ಸ್ಪೇನ್ ಮತ್ತು ಅಮೆರಿಕದ ನಡುವೆ ಯುದ್ಧ ಶುರುವಾದದ್ದು 1898ರ ಏಪ್ರಿಲ್‌ನಲ್ಲಿ. ಆಗಸ್ಟ್ ಹೊತ್ತಿಗೆ ಮುಗಿದೇ ಹೋಯಿತು. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ, ಅಲ್ಲಿಯವರೆಗೆ ಸ್ಪೇನ್ ಆಳುತ್ತಿದ್ದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ಮತ್ತು ಪೆಸಿಫಿಕ್ಕಿನ ಗುವಾಮ್ ಅಮೆರಿಕದ ಪಾಲಾದವು. ಸ್ಪೇನಿನದೇ ಆಗಿದ್ದ ಫಿಲಿಪ್ಪೀನ್ಸ್ ಲೆಕ್ಕಕ್ಕೆ ಅಮೆರಿಕ ಸ್ಪೇನಿಗೆ 2 ಕೋಟಿ ಡಾಲರ್ ಎಣಿಸಿತು. ಆದರೆ ಅದಕ್ಕೂ ಆರು ತಿಂಗಳು ಮೊದಲೇ, ಜೂನ್ 12ರಂದು, ಫಿಲಿಪಿನೊ ಕ್ರಾಂತಿಕಾರಿಗಳ ನಾಯಕ ಎಮಿಲಿಯೊ ಅಗಿನಾಲ್ಡೊ ಕವಿಟೆ ಪ್ರಾಂತ್ಯದ ಕವಿಟ್ ಊರಿನಲ್ಲಿ ಸ್ವಾತಂತ್ರ್ಯ ಘೋಷಿಸಿಯಾಗಿತ್ತು. ಅವರ ಪ್ರತಿನಿಧಿ ಫೆಲಿಪೆ ಅಗೊನ್ಸಿಲ್ಲೊ ಪ್ಯಾರಿಸ್‌ವರೆಗೆ ಹೋದರೂ ಮಾತುಕತೆಯ ಕೋಣೆಗೆ ಸೇರಿಸಲಿಲ್ಲ. ಮಾರಿದವರೂ ಕೊಂಡವರೂ ಒಳಗೆ, ಜಮೀನಿನವರು ಬಾಗಿಲ ಹೊರಗೆ.

1899ರ ಫೆಬ್ರವರಿ 4ರಂದು ಮನಿಲಾದ ಅಂಚಿನಲ್ಲಿ ಗುಂಡು ಹಾರಿತು. ಎರಡು ದಿನಗಳ ನಂತರ ಅಮೆರಿಕದ ಸೆನೆಟ್ 57–27 ಮತಗಳಿಂದ ಪ್ಯಾರಿಸ್ ಒಪ್ಪಂದಕ್ಕೆ ಮುದ್ರೆ ಒತ್ತಿತು. ‘ಬಂಡಾಯ’ ಎಂದು ಅಮೆರಿಕ ಕರೆದ ಈ ಯುದ್ಧ ಅಧಿಕೃತವಾಗಿ ಮುಗಿದದ್ದು 1902ರ ಜುಲೈ 4ಕ್ಕೆ. ಸುಮಾರು 4,200 ಅಮೆರಿಕನ್ ಸೈನಿಕರು, ಸುಮಾರು 20 ಸಾವಿರ ಫಿಲಿಪಿನೊ ಹೋರಾಟಗಾರರು ಸತ್ತರು. ಜನಸಾಮಾನ್ಯರ ಸಾವು 2 ಲಕ್ಷದಷ್ಟು ಎಂಬುದು ಅಮೆರಿಕದ ಸರ್ಕಾರಿ ದಾಖಲೆಗಳೇ ಒಪ್ಪುವ ಅಂದಾಜು. ಅದರಲ್ಲಿ ಹೆಚ್ಚಿನವರು ಗುಂಡಿಗೆ ಬಲಿಯಾದವರಲ್ಲ. ಬಟಾಂಗಾಸ್‌ನಂಥ ಕಡೆ ಹೋರಾಟಗಾರರಿಗೆ ಅನ್ನ ಸಿಗದಿರಲಿ ಎಂದು ಹಳ್ಳಿಯವರನ್ನು ಗೆರೆ ಹಾಕಿದ ವಲಯಗಳಲ್ಲಿ ಕೂಡಿಹಾಕಿ, ಹೊರಗಿನ ಬೆಳೆ ಮತ್ತು ದನಕರುಗಳನ್ನು ನಾಶ ಮಾಡಿದರು. ಅದರ ಬೆನ್ನಿಗೆ ಕಾಲರಾ ಬಂತು. ಕ್ಯೂಬಾದಲ್ಲಿ ಸ್ಪೇನ್ ಇದನ್ನೇ ಮಾಡಿದಾಗ ‘ಅನಾಗರಿಕ’ ಎಂದು ಕೂಗಿ ಯುದ್ಧಕ್ಕೆ ಹೊರಟವರು ಇವರೇ. ದಕ್ಷಿಣದ ಮುಸ್ಲಿಂ ಪ್ರದೇಶದಲ್ಲಿ ಕಾಳಗ ಇನ್ನೂ ಹತ್ತು ವರ್ಷ ನಡೆಯಿತು. 1906ರಲ್ಲಿ ಜೋಲೊ ದ್ವೀಪದ ಬುಡ್ ದಾಜೊ ಬೆಟ್ಟದ ಮೇಲೆ ಹೆಂಗಸರು ಮಕ್ಕಳು ಸೇರಿ ನೂರಾರು ಜನರನ್ನು ಕೊಂದರು. ನಯವಾದ ಆಳ್ವಿಕೆ ಎಂಬ ಮಾತು ಇಲ್ಲಿಗೇ ಮುಗಿಯಿತು.

ಇನ್ನು ಶಾಲೆ. ‘ಅಮೆರಿಕ ಬರುವ ತನಕ ಅಲ್ಲಿ ಅಕ್ಷರವೇ ಇರಲಿಲ್ಲ’ ಎಂಬ ಭಾವನೆ ತಪ್ಪು. ಸಾಂತೊ ತೊಮಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1611ರಲ್ಲಿ. ಪ್ರತಿ ಊರಿನಲ್ಲೂ ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರಾಥಮಿಕ ಶಾಲೆ ಇರಬೇಕೆಂಬ ಸ್ಪೇನಿನ ಆಜ್ಞೆ 1863ರದ್ದು. ಆಜ್ಞೆ ಕಾಗದದಲ್ಲೇ ಉಳಿದದ್ದೇ ಹೆಚ್ಚು, ಒಪ್ಪೋಣ. 1901ರ ಜನವರಿಯಲ್ಲಿ ಅಮೆರಿಕದ ಆಡಳಿತ ತಂದ 74ನೇ ಕಾಯ್ದೆ ಉಚಿತ ಸರ್ಕಾರಿ ಶಾಲೆಗಳ ವ್ಯವಸ್ಥೆ ಮಾಡಿತು, ಇಂಗ್ಲಿಷನ್ನು ಬೋಧನಾ ಮಾಧ್ಯಮ ಮಾಡಿತು. ಆ ವರ್ಷದ ಆಗಸ್ಟ್‌ನಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು 500 ಶಿಕ್ಷಕರು ಬಂದಿಳಿದರು. ಹಡಗಿನ ಹೆಸರಿನಿಂದಲೇ ಅವರಿಗೆ ‘ಥಾಮಸೈಟ್’ ಎಂಬ ಹೆಸರು ನಿಂತಿತು.

ಇಲ್ಲಿ ಬ್ರಿಟಿಷರಿಗೂ ಇವರಿಗೂ ನಿಜವಾದ ವ್ಯತ್ಯಾಸ ಒಂದಿದೆ, ಅದನ್ನು ಮುಚ್ಚಿಡಬೇಕಿಲ್ಲ. ಮೆಕಾಲೆಯ 1835ರ ಟಿಪ್ಪಣಿಗೆ ಬೇಕಾಗಿದ್ದದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ನಿಲ್ಲುವ ತೆಳುವಾದ ಒಂದು ವರ್ಗ. ಅಮೆರಿಕದವರು ಹಳ್ಳಿಯ ಒಂದನೇ ತರಗತಿಯಿಂದ ಹಿಡಿದರು. ಆದರೆ ಮನೆಯಲ್ಲಿ ಇಲೊಕಾನೊ ಅಥವಾ ಸೆಬುವಾನೊ ಆಡುವ ಮಗುವಿಗೆ ಸೇಬುಹಣ್ಣು, ಹಿಮ, ಜಾರ್ಜ್ ವಾಷಿಂಗ್‌ಟನ್ ಇರುವ ಪುಸ್ತಕ ಕೊಟ್ಟರೆ ಏನಾಗುತ್ತದೆ? ಬಹಳಷ್ಟು ಮಕ್ಕಳು ಮೊದಲ ಕೆಲವು ತರಗತಿಗಳಲ್ಲೇ ಶಾಲೆ ಬಿಟ್ಟರು. 1925ರಲ್ಲಿ ಅಮೆರಿಕದ ತಜ್ಞರೇ ನಡೆಸಿದ ಮನ್ರೋ ಸಮೀಕ್ಷೆ, ಇಂಗ್ಲಿಷ್ ಓದಿ ತಿಳಿಯಬೇಕಾದ ವಿಷಯಗಳಲ್ಲೆಲ್ಲ ಮಕ್ಕಳು ಬಹಳ ಹಿಂದಿದ್ದಾರೆ, ಭಾಷೆ ಅಷ್ಟಾಗಿ ಬೇಡದ ಲೆಕ್ಕದಂಥ ವಿಷಯದಲ್ಲಿ ಪರವಾಗಿಲ್ಲ ಎಂದಿತು. 1939ರ ಜನಗಣತಿಯಲ್ಲಿ ತಮಗೆ ಇಂಗ್ಲಿಷ್ ಮಾತಾಡಲು ಬರುತ್ತದೆ ಎಂದವರು ಕಾಲು ಭಾಗದಷ್ಟು. ನಿಮ್ಮ ಮಗಳು ಇವತ್ತು ಕೇಳುತ್ತಿರುವ ಇಂಗ್ಲಿಷ್‌ನ ಹರವು ಸ್ವಾತಂತ್ರ್ಯಾನಂತರದ ಶಾಲೆ, ರೇಡಿಯೊ, ಟಿವಿ, ಹೊರದೇಶದ ನೌಕರಿಗಳಿಂದ ಆದದ್ದೂ ಹೌದು.

ಶಾಲೆ ತೆರೆದ ಕೈಯೇ ಬಾಯಿಯನ್ನೂ ಕಟ್ಟಿತ್ತು. 1901ರ ರಾಜದ್ರೋಹದ ಕಾಯ್ದೆಯ ಪ್ರಕಾರ, ಯುದ್ಧ ಮುಗಿಯುವವರೆಗೆ ಸ್ವಾತಂತ್ರ್ಯ ಬೇಕು ಎಂದು ಶಾಂತಿಯಿಂದ ಪ್ರಚಾರ ಮಾಡುವುದೂ ಅಪರಾಧ. 1907ರ ಕಾಯ್ದೆ ಫಿಲಿಪ್ಪೀನ್ಸ್‌ನ ಧ್ವಜ ಹಾರಿಸುವುದನ್ನೇ ನಿಷೇಧಿಸಿತು. ಅದು ರದ್ದಾದದ್ದು 1919ರಲ್ಲಿ.

ವಸಾಹತಿನ ಗುಣ ತಿಳಿಯಬೇಕಾದರೆ ಶಾಲೆಯ ಕಟ್ಟಡ ನೋಡುವುದಕ್ಕಿಂತ ಜಮೀನಿನ ಕಾಗದ, ಮತದಾರರ ಪಟ್ಟಿ, ಸುಂಕದ ದರ ಈ ಮೂರನ್ನು ನೋಡುವುದು ಮೇಲು.

ಮೊದಲು ಜಮೀನು. ಸ್ಪೇನಿನ ಕಾಲದಲ್ಲಿ ಕ್ರೈಸ್ತ ಸಂನ್ಯಾಸಿ ಮಠಗಳ ಕೈಯಲ್ಲಿ ಸುಮಾರು 4 ಲಕ್ಷ ಎಕರೆ ಇತ್ತು. ಸ್ಪೇನಿನ ವಿರುದ್ಧದ ಕ್ರಾಂತಿಯ ಮುಖ್ಯ ಸಿಟ್ಟೇ ಈ ಜಮೀನಿನ ಮೇಲೆ. ಗವರ್ನರ್ ವಿಲಿಯಂ ಹೋವರ್ಡ್ ಟಾಫ್ಟ್ (ಮುಂದೆ ಅಮೆರಿಕದ ಅಧ್ಯಕ್ಷರಾದವರು) 1903ರಲ್ಲಿ ಸುಮಾರು 72 ಲಕ್ಷ ಡಾಲರ್‌ಗೆ ಅದನ್ನು ಕೊಂಡರು. ಉಳುತ್ತಿದ್ದ ಗೇಣಿದಾರರಿಗೆ ಮಾರುವುದು ಉದ್ದೇಶ. ಎಡವಿದ್ದು ಎಲ್ಲಿ ಅಂದರೆ, ಖರೀದಿಗೆ ಎತ್ತಿದ್ದ ಸಾಲಪತ್ರಗಳ ಅಸಲು ಬಡ್ಡಿಯನ್ನೆಲ್ಲ ಗೇಣಿದಾರರ ಕಂತಿನಿಂದಲೇ ವಸೂಲು ಮಾಡಲು ಹೊರಟರು. ಕೈಯಲ್ಲಿ ಕಾಸಿಲ್ಲದವರು ಕಂತು ಕಟ್ಟಲಾಗದೆ ಬಿಟ್ಟರು, ಕಾಸಿದ್ದವರು ಹಿಡಿದುಕೊಂಡರು. ಮಿಂಡೊರೊ ದ್ವೀಪದ ಸಾನ್ ಹೊಸೆ ಜಮೀನಂತೂ, ಸುಮಾರು 22 ಸಾವಿರ ಹೆಕ್ಟೇರ್, ಅಮೆರಿಕದ ಸಕ್ಕರೆ ಕಂಪನಿಗಳಿಗೆ ಸಂಬಂಧಿಸಿದವರ ಕೈ ಸೇರಿತು. ಕಂಪನಿಗಳಿಗೆ 1,024 ಹೆಕ್ಟೇರ್‌ಗಿಂತ ಹೆಚ್ಚು ಸಿಗಬಾರದೆಂಬ ಮಿತಿ ಕಾಯ್ದೆಯಲ್ಲಿತ್ತು. ಅದು ಸರ್ಕಾರಿ ಜಮೀನಿಗೆ ಹಾಕಿದ ಮಿತಿ, ಮಠದಿಂದ ಕೊಂಡ ಜಮೀನಿಗೆ ಅನ್ವಯಿಸದು ಎಂದು ಕಾನೂನು ಅಭಿಪ್ರಾಯ ಬಂತು!

ಇದರ ಜೊತೆಗೆ 1902ರಲ್ಲಿ ಟಾರೆನ್ಸ್ ಪದ್ಧತಿಯ ನೋಂದಣಿ ಬಂತು. ನಮ್ಮ ಪಹಣಿ ಜಮೀನಿನ ಹಕ್ಕಿಗೆ ಒಂದು ಊಹೆಯ ಸಾಕ್ಷಿ ಮಾತ್ರ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಟಾರೆನ್ಸ್ ಹಾಗಲ್ಲ, ಒಮ್ಮೆ ನೋಂದಣಿಯಾಗಿ ಅವಧಿ ಮುಗಿದರೆ ಆ ಪತ್ರವೇ ಕೊನೆಯ ಮಾತು. ವ್ಯವಹಾರಕ್ಕೆ ಒಳ್ಳೆಯ ಪದ್ಧತಿ. ಆದರೆ ಸರ್ವೆ ಖರ್ಚು, ವಕೀಲರ ಫೀಸು, ಕೋರ್ಟಿನ ಓಡಾಟ ತಡೆದುಕೊಳ್ಳಬಲ್ಲವರು ಮೊದಲು ನೋಂದಾಯಿಸಿಕೊಂಡರು. ಅಜ್ಜನ ಕಾಲದಿಂದ ಉಳುತ್ತಿದ್ದವನು ಒಂದು ಬೆಳಿಗ್ಗೆ ತನ್ನ ಹೊಲದಲ್ಲೇ ಅತಿಕ್ರಮಣಕಾರನಾದ. ಬಗರ್ ಹುಕುಂ ಸಾಗುವಳಿದಾರರ ಪಾಡು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮತದಾರರ ಪಟ್ಟಿ ಇನ್ನೂ ಸ್ಪಷ್ಟ. 1907ರಲ್ಲಿ ಫಿಲಿಪ್ಪೀನ್ಸ್‌ಗೆ ಚುನಾಯಿತ ಶಾಸನಸಭೆ ಬಂತು. ಭಾರತದಲ್ಲಿ ಮಿಂಟೊ–ಮಾರ್ಲೆ ಸುಧಾರಣೆಗಿಂತ ಎರಡು ವರ್ಷ ಮೊದಲು. ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಶುರುವಾಗಿತ್ತಾದರೂ ಅದರ ಅಧಿಕಾರ ಅಹವಾಲು ಹೇಳುವಷ್ಟಕ್ಕೆ; ಮನಿಲಾದ ಸಭೆಗೆ ಕಾನೂನು ಮಾಡುವ ಪಾಲಿತ್ತು. ಆದರೆ ಮತ ಹಾಕಲು ಗಂಡಸಾಗಿರಬೇಕು, ಜೊತೆಗೆ 500 ಪೆಸೊ ಬೆಲೆಯ ಆಸ್ತಿ, ಅಥವಾ ವರ್ಷಕ್ಕೆ 30 ಪೆಸೊ ತೆರಿಗೆ, ಅಥವಾ ಇಂಗ್ಲಿಷ್ ಇಲ್ಲವೇ ಸ್ಪ್ಯಾನಿಷ್ ಓದುಬರಹ, ಅಥವಾ ಸ್ಪೇನಿನ ಕಾಲದಲ್ಲಿ ಊರಿನ ಅಧಿಕಾರ ನಡೆಸಿದ ಅನುಭವ, ಇವುಗಳಲ್ಲಿ ಒಂದು ಬೇಕು. 1903ರ ಗಣತಿಯ 76 ಲಕ್ಷ ಜನಸಂಖ್ಯೆಯ ದೇಶದಲ್ಲಿ ನೋಂದಾಯಿತ ಮತದಾರರು ಸುಮಾರು 1 ಲಕ್ಷ 5 ಸಾವಿರ. ಅಂದರೆ ಊರಗೌಡರೇ ಊರಗೌಡರನ್ನು ಆರಿಸಿಕೊಂಡರು. ಇವತ್ತಿಗೂ ಅಲ್ಲಿ ಪ್ರಾಂತ್ಯಕ್ಕೊಂದು ರಾಜಕೀಯ ಮನೆತನ ಬೇರುಬಿಟ್ಟಿದೆ ಅಂದರೆ ಒಂದು ಬೇರು ಇಲ್ಲಿದೆ. ಮನೆತನಗಳು ಸ್ಪೇನಿನ ಕಾಲದವೇ ಇರಬಹುದು. ಅವಕ್ಕೆ ಜಮೀನಿನ ಪತ್ರ, ಸಾಲ, ಶಾಸಕ ಸ್ಥಾನ ಒಟ್ಟಿಗೆ ಸಿಕ್ಕಿದ್ದು ಅಮೆರಿಕದ ಕಾಲದಲ್ಲಿ.

ಈಗ ಸಕ್ಕರೆಗೆ ಬರೋಣ. 1909ರ ಸುಂಕದ ಕಾಯ್ದೆ ಫಿಲಿಪ್ಪೀನ್ಸ್‌ನ 3 ಲಕ್ಷ ಟನ್ ಸಕ್ಕರೆಯನ್ನು ಸುಂಕವಿಲ್ಲದೆ ಅಮೆರಿಕಕ್ಕೆ ಬಿಟ್ಟಿತು, 1913ರಲ್ಲಿ ಆ ಮಿತಿಯೂ ಹೋಯಿತು. ಬದಲಿಗೆ ಅಮೆರಿಕದ ಸರಕು ಸುಂಕವಿಲ್ಲದೆ ಮನಿಲಾಕ್ಕೆ. ನೆಗ್ರೋಸ್ ದ್ವೀಪದಲ್ಲಿ ಕಬ್ಬು ಹಬ್ಬಿತು, ತೆಂಗಿನೆಣ್ಣೆ ಗಿರಣಿಗಳು ಎದ್ದವು. ಇಡೀ ಆರ್ಥಿಕತೆ ಒಂದೇ ಗಿರಾಕಿಗೆ ಜೋತುಬಿತ್ತು. 1929ರ ಮಹಾಕುಸಿತ ಬಂದಾಗ ಅಮೆರಿಕದ ಬೀಟ್‌ರೂಟ್ ಸಕ್ಕರೆ ಬೆಳೆಗಾರರು, ಕ್ಯೂಬಾದ ಸಕ್ಕರೆಯಲ್ಲಿ ಹಣ ಹೂಡಿದ್ದವರು, ತೆಂಗಿನೆಣ್ಣೆಯಿಂದ ಪೆಟ್ಟು ತಿಂದ ಹೈನುಗಾರರು ಮತ್ತು ಹತ್ತಿಬೀಜದ ಎಣ್ಣೆಯವರು ಒಂದಾದರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಫಿಲಿಪಿನೊ ಕೂಲಿಗಳು ಬೇಡ ಎನ್ನುವವರೂ ಸೇರಿಕೊಂಡರು. 1930ರಲ್ಲಿ ವಾಟ್ಸನ್‌ವಿಲ್‌ನಲ್ಲಿ ಅವರ ಮೇಲೆ ಗುಂಪು ಹಲ್ಲೆಗಳೇ ನಡೆದಿದ್ದವು. ಇವರಿಗೆಲ್ಲ ಹೊಳೆದ ಸುಲಭದ ದಾರಿ: ಫಿಲಿಪ್ಪೀನ್ಸ್ ವಿದೇಶವಾದರೆ ಅದರ ಸಕ್ಕರೆಗೆ ಸುಂಕ ಹಾಕಬಹುದು, ಅದರ ಜನರನ್ನು ತಡೆಯಬಹುದು.

1934ರ ಟೈಡಿಂಗ್ಸ್–ಮಕ್‌ಡಫಿ ಕಾಯ್ದೆ ಹೀಗೆ ಹುಟ್ಟಿತು. ಹತ್ತು ವರ್ಷಗಳ ಸ್ವಯಮಾಡಳಿತ, ಆಮೇಲೆ ಸ್ವಾತಂತ್ರ್ಯ. ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಕಾಯಬೇಕು, ಆದರೆ ವಲಸೆಯ ಮಟ್ಟಿಗೆ ಫಿಲಿಪಿನೊಗಳು ಆ ಕ್ಷಣದಿಂದಲೇ ವಿದೇಶಿಯರು: ವರ್ಷಕ್ಕೆ 50 ಜನರಿಗೆ ಮಾತ್ರ ಪ್ರವೇಶ. ಹಾಗೆಂದು ಸ್ವಾತಂತ್ರ್ಯ ಅಮೆರಿಕದ ರೈತರು ಎಸೆದ ತುಂಡು ಎಂದರೂ ತಪ್ಪಾದೀತು. ಮ್ಯಾನುಯೆಲ್ ಕೆಸೊನ್, ಸೆರ್ಜಿಯೊ ಒಸ್ಮೆನ್ಯಾ ಮೊದಲಾದ ಫಿಲಿಪಿನೊ ನಾಯಕರು ಹದಿನೈದು ವರ್ಷ ವಾಷಿಂಗ್‌ಟನ್ನಿಗೆ ನಿಯೋಗದ ಮೇಲೆ ನಿಯೋಗ ಕೊಂಡೊಯ್ದಿದ್ದರು. ಸ್ಥಿರ ಸರ್ಕಾರ ಬಂದ ಕೂಡಲೇ ಸ್ವಾತಂತ್ರ್ಯ ಎಂಬ ಮಾತು 1916ರ ಜೋನ್ಸ್ ಕಾಯ್ದೆಯ ಪೀಠಿಕೆಯಲ್ಲೇ ಇತ್ತು. ಬ್ರಿಟಿಷರು ಭಾರತಕ್ಕೆ ಆ ಹೊತ್ತಿನಲ್ಲಿ ಅಂಥ ಮಾತು ಕೊಟ್ಟಿರಲಿಲ್ಲ. ಕೇಳುವವರು ಮೊದಲಿನಿಂದಲೂ ಇದ್ದರು. ಕೊಡಲು ಅವಸರ ಹುಟ್ಟಿಸಿದ್ದು ಸಕ್ಕರೆ.

ಕೊಟ್ಟ ರೀತಿಯೂ ನೋಡಬೇಕಾದ್ದೇ. ಜಪಾನಿನ ಆಕ್ರಮಣ, 1945ರ ಫೆಬ್ರವರಿಯ ಮನಿಲಾ ಕದನದಲ್ಲಿ ಸುಮಾರು ಒಂದು ಲಕ್ಷ ನಾಗರಿಕರ ಸಾವು, ನೆಲಸಮವಾದ ರಾಜಧಾನಿ: ಈ ಸ್ಥಿತಿಯಲ್ಲಿ 1946ರ ಜುಲೈ 4ರಂದು ಸ್ವಾತಂತ್ರ್ಯ ಬಂತು. ಅದರ ಜೊತೆಗೇ ಅಮೆರಿಕದ ಸಂಸತ್ತು ಮಾಡಿದ ಬೆಲ್ ವ್ಯಾಪಾರ ಕಾಯ್ದೆ. ಪೆಸೊ ಡಾಲರಿಗೆ ಎರಡರಂತೆ ಕಟ್ಟಿಹಾಕಲ್ಪಟ್ಟಿತು. ಅಮೆರಿಕದ ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ‘ಸಮಾನ ಹಕ್ಕು’. 1935ರ ಸಂವಿಧಾನ ಗಣಿ, ಅರಣ್ಯ, ಸಾರ್ವಜನಿಕ ಸೇವೆಗಳಲ್ಲಿ ಶೇ. 60 ಒಡೆತನ ಸ್ವದೇಶಿಯರದ್ದೇ ಇರಬೇಕು ಎಂದಿತ್ತು. ಅಮೆರಿಕನ್ನರಿಗೆ ಆ ನಿಯಮ ತಾಗಬಾರದು, ಅದಕ್ಕಾಗಿ ಸಂವಿಧಾನವನ್ನೇ ತಿದ್ದಿ ಎಂಬ ಷರತ್ತು ಬಂತು. ಒಪ್ಪಿಸಿದ್ದು ಹೇಗೆಂದರೆ, ಯುದ್ಧಹಾನಿ ಪರಿಹಾರಕ್ಕೆ ಅಮೆರಿಕ 62 ಕೋಟಿ ಡಾಲರ್ ಇಟ್ಟಿತು, ಆದರೆ ವ್ಯಾಪಾರ ಒಪ್ಪಂದ ಜಾರಿಯಾಗುವವರೆಗೆ 500 ಡಾಲರಿಗೆ ಮೇಲ್ಪಟ್ಟ ಯಾವ ಪರಿಹಾರವೂ ಇಲ್ಲ ಎಂದಿತು. ಮನಿಲಾದ ಸಂಸತ್ತಿನಲ್ಲಿ ತಿದ್ದುಪಡಿಗೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕಿತ್ತು. ವಿರೋಧಿಸುತ್ತಿದ್ದ ಕೆಲವು ಚುನಾಯಿತ ಸದಸ್ಯರನ್ನು ಚುನಾವಣಾ ಅಕ್ರಮದ ಆರೋಪದ ಮೇಲೆ ಹೊರಗಿಟ್ಟ ಮೇಲಷ್ಟೇ ಅದು ಸಿಕ್ಕಿತು. ಆ ಹಕ್ಕು ಮುಗಿದದ್ದು 1974ರಲ್ಲಿ.

ಅದೇ 1946ರಲ್ಲಿ, ಅಮೆರಿಕದ ಬಾವುಟದಡಿ ಜಪಾನಿನ ವಿರುದ್ಧ ಕಾದಾಡಿದ ಫಿಲಿಪಿನೊ ಸೈನಿಕರ ಸೇವೆಯನ್ನು ಹೆಚ್ಚಿನ ಸವಲತ್ತುಗಳ ಮಟ್ಟಿಗೆ ‘ಸಕ್ರಿಯ ಸೇವೆ’ಯಲ್ಲ ಎಂದು ಅಮೆರಿಕದ ಕಾನೂನು ಸಾರಿತು. 2009ರಲ್ಲಿ ಬದುಕಿದ್ದವರಿಗೆ ಒಂದಾವರ್ತಿ ಹಣ ಸಿಕ್ಕಿತು: ಅಮೆರಿಕದ ಪೌರರಾಗಿದ್ದರೆ 15 ಸಾವಿರ ಡಾಲರ್, ಇಲ್ಲದಿದ್ದರೆ 9 ಸಾವಿರ. ಸೇನಾ ನೆಲೆಗಳು ಮಾತ್ರ 1947ರ ಒಪ್ಪಂದದಂತೆ 99 ವರ್ಷಕ್ಕೆ ಉಳಿದವು. ಅದನ್ನು 1966ರಲ್ಲಿ 25 ವರ್ಷಕ್ಕೆ ಇಳಿಸಿದರು. ಕ್ಲಾರ್ಕ್ ನೆಲೆಯನ್ನು 1991ರ ಜೂನ್‌ನಲ್ಲಿ ಪಿನಾಟುಬೊ ಜ್ವಾಲಾಮುಖಿಯ ಬೂದಿ ಮುಚ್ಚಿತು. ಸುಬಿಕ್ ನೆಲೆಯ ಮುಂದುವರಿಕೆಯನ್ನು ಅದೇ ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸ್ ಸೆನೆಟ್ 12–11ರಿಂದ ತಿರಸ್ಕರಿಸಿತು. 2014ರ ಹೊಸ ಒಪ್ಪಂದದ ಮೂಲಕ ಅಮೆರಿಕದ ಸೈನಿಕರು ಸರದಿಯ ಮೇಲೆ ಮತ್ತೆ ಬರುತ್ತಿದ್ದಾರೆ, ಈ ಸಲ ಚೀನಾದ ಭಯಕ್ಕೆ ಮನಿಲಾ ತಾನೇ ಕರೆದದ್ದು.

ನಿಮ್ಮ ಮಗಳ ಓದಿಗೂ ಇದರ ನೆರಳಿದೆ. ಮೊದಲು ಒಂದು ಪದವಿ, ಆಮೇಲೆ ನಾಲ್ಕು ವರ್ಷದ ಎಂ.ಡಿ. ಎಂಬ ಕ್ರಮ ಅಮೆರಿಕದ್ದು, ನಮ್ಮ ಎಂ.ಬಿ.ಬಿ.ಎಸ್. ಬ್ರಿಟಿಷರದ್ದು. ಭಾರತದ ವೈದ್ಯಕೀಯ ಆಯೋಗದ ನಿಯಮಗಳ ಜೊತೆ ಅಲ್ಲಿನ ಕೋರ್ಸನ್ನು ಹೊಂದಿಸುವಾಗ ನಮ್ಮ ವಿದ್ಯಾರ್ಥಿಗಳಿಗೆ ಆಗುವ ತಲೆನೋವಿನ ಒಂದು ಮೂಲ ಇದೇ. ಇನ್ನೊಂದು, ಕಾನೂನು ಬೇರೆ ರೀತಿ ಹೇಳದ ಹೊರತು ವೈದ್ಯ, ಎಂಜಿನಿಯರ್ ಮುಂತಾದ ವೃತ್ತಿಗಳು ಸ್ವದೇಶಿ ಪೌರರಿಗೇ ಮೀಸಲು ಎಂದು ಅಲ್ಲಿನ 1987ರ ಸಂವಿಧಾನ ಹೇಳುತ್ತದೆ. ಒಮ್ಮೆ ಪರರಿಗಾಗಿ ಸಂವಿಧಾನ ತಿದ್ದಿಕೊಂಡ ದೇಶದ ಎಚ್ಚರಿಕೆ ಎಂದು ನಾನು ಅದನ್ನು ಓದುತ್ತೇನೆ.

ಈಗ ಪೋರ್ಟೊ ರಿಕೊ. 1898ರಲ್ಲಿ ಹೊಸ ದ್ವೀಪಗಳು ಕೈಗೆ ಬಂದಾಗ ಅಮೆರಿಕದ ಮುಂದೆ ಒಂದು ಕಾನೂನಿನ ತೊಡಕು ಎದ್ದಿತು: ಬಾವುಟ ಹೋದಲ್ಲೆಲ್ಲ ಸಂವಿಧಾನವೂ ಹೋಗುತ್ತದೆಯೇ? ಸುಪ್ರೀಂ ಕೋರ್ಟಿನ ಮುಂದೆ ಇದು ಬಂದದ್ದು ಕಿತ್ತಳೆಹಣ್ಣಿನ ರೂಪದಲ್ಲಿ. ಪೋರ್ಟೊ ರಿಕೊದಿಂದ ನ್ಯೂಯಾರ್ಕಿಗೆ ಕಿತ್ತಳೆ ತರಿಸಿದ ಡೌನ್ಸ್ ಎಂಬ ವ್ಯಾಪಾರಿಯಿಂದ 659 ಡಾಲರ್ 35 ಸೆಂಟ್ ಸುಂಕ ಕಟ್ಟಿಸಿಕೊಂಡರು. ದೇಶದೊಳಗಿನ ಸರಕಿಗೆ ಸುಂಕವೇನು ಎಂದು ಅವನು ಕೇಳಿದ. 1901ರಲ್ಲಿ ಕೋರ್ಟು 5–4ರಿಂದ ಸುಂಕ ಸರಿ ಎಂದಿತು. ನ್ಯಾಯಮೂರ್ತಿ ವೈಟ್ ಕೊಟ್ಟ ಕಾರಣ ಈಗಲೂ ಜೀವಂತ: ಈ ದ್ವೀಪ ಹೊರಗಿನವರ ಕಣ್ಣಿಗೆ ಅಮೆರಿಕದ್ದು, ಆದರೆ ದೇಶದ ಒಳಗಿನ ಅರ್ಥದಲ್ಲಿ ವಿದೇಶ; ಅಮೆರಿಕಕ್ಕೆ ಸೇರಿದ್ದು, ಅಮೆರಿಕದ ಭಾಗವಲ್ಲ. ಜಗಲಿಯವರೆಗೆ ಬರಬಹುದು, ನಡುಮನೆಗೆ ಬರುವ ಹಾಗಿಲ್ಲ. ‘ಅನ್ಯ ಜನಾಂಗ’ಗಳು ವಾಸಿಸುವ ಕಡೆ ನಮ್ಮ ಕಾನೂನು ನಡೆಯುವುದು ಕಷ್ಟ ಎಂದು ನ್ಯಾಯಮೂರ್ತಿ ಬ್ರೌನ್ ಬಾಯಿಬಿಟ್ಟೇ ಬರೆದರು.

ಪೌರತ್ವದ ವಿಷಯಕ್ಕೆ ಬಂದರೆ, ವರ್ಜೀನಿಯಾದ ವಿಲಿಯಂ ಜೋನ್ಸ್ ಎಂಬ ಒಬ್ಬರೇ ಸಂಸದರ ಹೆಸರಿನ ಎರಡು ಕಾಯ್ದೆಗಳಿವೆ. 1916ರದ್ದು ಫಿಲಿಪ್ಪೀನ್ಸ್‌ಗೆ ಸ್ವಾತಂತ್ರ್ಯದ ಭರವಸೆ ಕೊಟ್ಟಿತು, 1917ರ ಮಾರ್ಚ್ 2ರದ್ದು ಪೋರ್ಟೊ ರಿಕೊದವರಿಗೆ ಪೌರತ್ವ ಕೊಟ್ಟಿತು. ಫಿಲಿಪ್ಪೀನ್ಸ್ ದೂರ, ದೊಡ್ಡದು. ಅಷ್ಟು ಏಷ್ಯನ್ನರನ್ನು ಪೌರರನ್ನಾಗಿ ಮಾಡಲು ಆ ಕಾಲದ ಅಮೆರಿಕ ಸಿದ್ಧವಿರಲಿಲ್ಲ. ಪೋರ್ಟೊ ರಿಕೊದ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಆಗ ತಾನೇ ತೆರೆದಿದ್ದ ಪನಾಮಾ ಕಾಲುವೆಯ ದಾರಿ ಕಾಯುವ ಆಯಕಟ್ಟಿನ ಜಾಗ, ಬಿಡುವ ಯೋಚನೆಯೇ ಇರಲಿಲ್ಲ. ‘ಮೊದಲ ಮಹಾಯುದ್ಧಕ್ಕೆ ಸೈನಿಕರು ಬೇಕಾಗಿ ಪೌರತ್ವ ಕೊಟ್ಟರು’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ನಿಲ್ಲುವ ವಾದವಲ್ಲ. ಪೌರರಲ್ಲದ ‘ಪ್ರಜೆ’ಗಳನ್ನೂ ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಳ್ಳಲು ಅಡ್ಡಿಯಿರಲಿಲ್ಲ, ಪೌರತ್ವದ ಮಸೂದೆಗಳೂ ಯುದ್ಧಕ್ಕೆ ಎಷ್ಟೋ ಮೊದಲಿನಿಂದ ಓಡಾಡುತ್ತಿದ್ದವು.

ಮತ ಯಾಕಿಲ್ಲ ಎಂಬುದಕ್ಕೆ ಉತ್ತರ ಯಾಂತ್ರಿಕವಾದದ್ದು. ಅಮೆರಿಕದ ಅಧ್ಯಕ್ಷರನ್ನು ಆರಿಸುವುದು ವ್ಯಕ್ತಿಗಳಲ್ಲ, ರಾಜ್ಯಗಳು ಕಳಿಸುವ ಎಲೆಕ್ಟರುಗಳು. ಪೋರ್ಟೊ ರಿಕೊ ರಾಜ್ಯವಲ್ಲ, ಆದ್ದರಿಂದ ಎಲೆಕ್ಟರ್ ಇಲ್ಲ. ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ನವರು ಫ್ಲಾರಿಡಾಕ್ಕೆ ಮನೆ ಬದಲಿಸಿದರೆ ಮತ ಸಿಗುತ್ತದೆ. ಟೆಕ್ಸಾಸಿನವರು ಸಾನ್ ಹುವಾನ್‌ಗೆ ಬಂದು ನೆಲೆಸಿದರೆ ಇದ್ದ ಮತವೂ ಹೋಗುತ್ತದೆ. ವಾಷಿಂಗ್‌ಟನ್ನಿಗೆ ಅವರು ಕಳಿಸುವ ಒಬ್ಬ ಪ್ರತಿನಿಧಿ ಮಾತಾಡಬಹುದು, ಸದನದ ಅಂತಿಮ ಮತದಾನದಲ್ಲಿ ಕೈ ಎತ್ತುವಂತಿಲ್ಲ.

ದ್ವೀಪದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದನ್ನು ಹಿಡಿದು ‘ಅವರು ತೆರಿಗೆಯನ್ನೇ ಕಟ್ಟುವುದಿಲ್ಲ’ ಎನ್ನುವವರಿದ್ದಾರೆ. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್‌ನ (ವೃದ್ಧರ ಆರೋಗ್ಯ ವಿಮೆ) ಸಂಬಳ ಕಡಿತ ಅವರಿಗೂ ಇದೆ. ಆದರೆ ಬಡ ವೃದ್ಧರು, ಅಂಗವಿಕಲರಿಗೆ ಸಿಗುವ ಕೇಂದ್ರದ ಪೂರಕ ಭತ್ಯೆ ಇಲ್ಲ. ಹಾಗೆ ಹೊರಗಿಡುವುದು ಸರಿ ಎಂದು ಸುಪ್ರೀಂ ಕೋರ್ಟು 2022ರಲ್ಲಿ 8–1ರಿಂದ ಹೇಳಿತು. ಬಡವರ ಆರೋಗ್ಯ ಯೋಜನೆಯ ಹಣಕ್ಕೂ ಮಿತಿ ಹಾಕಿದ್ದಾರೆ.

ಸಾಲದ ಕಥೆಯೂ ಇದೇ ನಡುಮನೆ–ಜಗಲಿಯ ಕಥೆ. 1917ರ ಕಾಯ್ದೆಯಿಂದಾಗಿ ಪೋರ್ಟೊ ರಿಕೊದ ಬಾಂಡುಗಳ ಬಡ್ಡಿಗೆ ಕೇಂದ್ರ, ರಾಜ್ಯ, ನಗರ ಯಾವ ತೆರಿಗೆಯೂ ಇಲ್ಲ. ಹೂಡಿಕೆದಾರರು ಕೇಳಿದಷ್ಟು ಸಾಲ ಕೊಟ್ಟರು. ಕಾರ್ಖಾನೆಗಳನ್ನು ಕರೆತಂದಿದ್ದ ತೆರಿಗೆ ವಿನಾಯಿತಿಯನ್ನು ಅಮೆರಿಕದ ಸಂಸತ್ತು 1996ರಿಂದ 2006ರ ನಡುವೆ ಹಂತಹಂತವಾಗಿ ಕಿತ್ತಿತು. ಉದ್ಯೋಗ ಹೋಯಿತು, ಸಾಲ ಬೆಳೆಯಿತು. ಅಮೆರಿಕದ ನಗರಗಳು ದಿವಾಳಿ ಘೋಷಿಸಿಕೊಳ್ಳಲು ಬಳಸುವ ಕಾನೂನಿನಿಂದ ಪೋರ್ಟೊ ರಿಕೊವನ್ನು 1984ರಲ್ಲೇ ಹೊರಗಿಟ್ಟಿದ್ದರು. ಕೊನೆಗೆ 7,000 ಕೋಟಿ ಡಾಲರ್ ಮೀರಿದ ಬಾಂಡ್ ಸಾಲದ ಜೊತೆ 2016ರಲ್ಲಿ ಕೈಚೆಲ್ಲಿದಾಗ, ಅಮೆರಿಕ ಏಳು ಜನರ ಮೇಲ್ವಿಚಾರಣಾ ಮಂಡಳಿ ನೇಮಿಸಿತು. ದ್ವೀಪದವರು ಆರಿಸಿದ ಗವರ್ನರ್ ಮಾಡಿದ ಬಜೆಟ್ಟನ್ನು ಇವರು ತಿರಸ್ಕರಿಸಬಹುದು. ಊರಿನವರು ಅದನ್ನು ‘ಲಾ ಹುಂಟಾ’ (ಸ್ಪ್ಯಾನಿಷ್‌ನಲ್ಲಿ ‘ಮಂಡಳಿ’; ಸೇನಾಡಳಿತಕ್ಕೂ ಇದೇ ಪದ) ಎನ್ನುತ್ತಾರೆ, ಪ್ರೀತಿಯಿಂದಲ್ಲ. ಇದರ ಮೇಲೆ 1920ರ ಹಡಗು ಕಾಯ್ದೆ: ಅಮೆರಿಕದ ಬಂದರಿನಿಂದ ಬರುವ ಸರಕು ಅಮೆರಿಕದಲ್ಲೇ ಕಟ್ಟಿದ, ಅಮೆರಿಕನ್ನರದ್ದೇ ಆದ, ಅಮೆರಿಕನ್ನರೇ ನಡೆಸುವ ಹಡಗಿನಲ್ಲಿ ಬರಬೇಕು. ಅಂಥ ಹಡಗು ದುಬಾರಿ.

ಅವರ ಮುಂದಿನ ದಾರಿಗಳು ನಾಲ್ಕು. ರಾಜ್ಯವಾಗುವುದು ಮೊದಲನೆಯದು, 1959ರಲ್ಲಿ ಅಲಾಸ್ಕ, ಹವಾಯಿ ಆದ ಹಾಗೆ. ಸಂಸತ್ತಿನ ಎರಡೂ ಸದನಗಳ ಸರಳ ಬಹುಮತ ಮತ್ತು ಅಧ್ಯಕ್ಷರ ಸಹಿ ಸಾಕು. ಇಬ್ಬರು ಸೆನೆಟರುಗಳು, ಅಧ್ಯಕ್ಷರಿಗೆ ಮತ, ಪೂರ್ಣ ಸವಲತ್ತು ಸಿಗುತ್ತವೆ. ಕೇಂದ್ರದ ಆದಾಯ ತೆರಿಗೆ ಬರುತ್ತದೆ, ಕಂಪನಿಗಳಿಗಿರುವ ತೆರಿಗೆ ಅನುಕೂಲ ಹೋಗುತ್ತದೆ. ಸ್ಪ್ಯಾನಿಷ್‌ನ ಗತಿಯೇನು ಎಂಬ ಅಳುಕಿದೆ. 1948ರಿಂದ ಒಲಿಂಪಿಕ್ಸ್‌ನಲ್ಲಿ ಪ್ರತ್ಯೇಕವಾಗಿ ಆಡುತ್ತಿರುವ ತಂಡವೂ ಹೋಗುತ್ತದೆ, ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ನಿಜವಾದ ಅಡ್ಡಿ ವಾಷಿಂಗ್‌ಟನ್ನಿನದು: ಕೆಳಮನೆಯ 435 ಸ್ಥಾನ ನಿಗದಿಯಾಗಿರುವುದರಿಂದ ಹೊಸ ರಾಜ್ಯಕ್ಕೆ ಹೋಗುವ ಸ್ಥಾನ ಬೇರೆ ರಾಜ್ಯಗಳ ಲೆಕ್ಕದಿಂದ ಕಳೆಯಬೇಕು, ಹೊಸ ಸೆನೆಟರುಗಳು ಯಾವ ಪಕ್ಷದವರಾದಾರು ಎಂಬ ಲೆಕ್ಕವೂ ಇದೆ.

ಎರಡನೆಯದು ಪೂರ್ಣ ಸ್ವಾತಂತ್ರ್ಯ. ಅದಕ್ಕೆ ಫಿಲಿಪ್ಪೀನ್ಸ್‌ನ 1946 ಎಚ್ಚರಿಕೆಯ ಪಾಠ. ಬಾವುಟ ಏರಿಸುವ ದಿನದ ವ್ಯಾಪಾರ ಷರತ್ತುಗಳೇ ಮುಂದಿನ ಮೂವತ್ತು ವರ್ಷ ಬರೆಯುತ್ತವೆ. ಈಗಿನ ಪೌರತ್ವ ಉಳಿಯುತ್ತದೆಯೇ, ಮುಂದೆ ಹುಟ್ಟುವ ಮಕ್ಕಳಿಗೆ ಸಿಗುತ್ತದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ದ್ವೀಪದಲ್ಲಿ ಸುಮಾರು 32 ಲಕ್ಷ ಜನ ಇದ್ದರೆ, ಪೋರ್ಟೊ ರಿಕೊ ಮೂಲದವರು ಅಮೆರಿಕದ ಮುಖ್ಯಭೂಮಿಯಲ್ಲಿ ಅದಕ್ಕಿಂತ ಹೆಚ್ಚಿದ್ದಾರೆ. ಪ್ರತಿ ಮನೆಯೂ ಎರಡು ಕಡೆ ಹಂಚಿದೆ.

ಮೂರನೆಯದು ಸ್ವತಂತ್ರ ಸಹಯೋಗ. ಮಾರ್ಷಲ್ ದ್ವೀಪಗಳು, ಮೈಕ್ರೊನೇಷಿಯಾ, ಪಲಾವು ಈ ಹಾದಿಯಲ್ಲಿವೆ: ಸಾರ್ವಭೌಮ ದೇಶ, ವಿಶ್ವಸಂಸ್ಥೆಯಲ್ಲಿ ಸ್ಥಾನ, ವೀಸಾ ಇಲ್ಲದೆ ಅಮೆರಿಕದಲ್ಲಿ ದುಡಿಯುವ ಅವಕಾಶ, ರಕ್ಷಣೆ ಮಾತ್ರ ಅಮೆರಿಕದ ಕೈಯಲ್ಲಿ. ತೊಂದರೆಯೆಂದರೆ ನೆರವಿನ ಹಣ ಅವಧಿಗೆ ಕಟ್ಟಿದ್ದು. 2024ರಲ್ಲಿ ಈ ಮೂರು ದೇಶಗಳಿಗೆ 20 ವರ್ಷಕ್ಕೆ ಸುಮಾರು 710 ಕೋಟಿ ಡಾಲರ್‌ಗೆ ನವೀಕರಣವಾಗುವ ಮುನ್ನ ಸಂಸತ್ತಿನ ಬಾಗಿಲಲ್ಲಿ ಕಾದು ಕಾದು ಸಾಕಾಗಿತ್ತು. ಮೇಲಾಗಿ ಅವು ಮೂರೂ ಸಣ್ಣ ದೇಶಗಳು. ಆ ಅಂಗಿಯನ್ನು ಪೋರ್ಟೊ ರಿಕೊದ ಅಳತೆಗೆ ಹೊಲಿಯುವುದು ಸುಲಭವಲ್ಲ.

ಉಳಿದದ್ದು ಇದ್ದ ಹಾಗೇ ಇರುವುದು. 1952ರಿಂದ ಸ್ವಂತ ಸಂವಿಧಾನ, 1948ರಿಂದ ಚುನಾಯಿತ ಗವರ್ನರ್ ಇದ್ದಾರೆ. ಆದರೆ ದ್ವೀಪದ ಅಧಿಕಾರದ ಮೂಲ ಅಂತಿಮವಾಗಿ ಅಮೆರಿಕದ ಸಂಸತ್ತೇ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಬಿಡಿಸಿ ಹೇಳಿದೆ. ಅದೇ ವರ್ಷ ಮೇಲ್ವಿಚಾರಣಾ ಮಂಡಳಿಯೂ ಬಂತು.

ಜನಮತ ಕೇಳಿಲ್ಲವೆಂದಲ್ಲ. 2017ರಲ್ಲಿ ಶೇ. 97 ಮತ ರಾಜ್ಯದ ಪರ ಬಿತ್ತು, ಆದರೆ ಉಳಿದವರು ಬಹಿಷ್ಕರಿಸಿದ್ದರಿಂದ ಮತದಾನವೇ ಶೇ. 23. 2020ರಲ್ಲಿ ‘ರಾಜ್ಯ ಬೇಕೇ ಬೇಡವೇ’ ಎಂಬ ನೇರ ಪ್ರಶ್ನೆಗೆ ಶೇ. 52.5 ಬೇಕು ಎಂದರು. 2024ರಲ್ಲಿ ರಾಜ್ಯಕ್ಕೆ ಶೇ. 58ಕ್ಕೂ ಹೆಚ್ಚು ಬಂತು; ಇದ್ದ ಹಾಗೇ ಇರುವ ಆಯ್ಕೆಯನ್ನು ಮತಪತ್ರದಲ್ಲಿ ಇಟ್ಟಿರಲಿಲ್ಲ, ಅದಕ್ಕೆ ಖಾಲಿ ಮತಪತ್ರ ಹಾಕಿದವರೂ ಬಹಳ. ಇವುಗಳಲ್ಲಿ ಯಾವುದಕ್ಕೂ ಅಮೆರಿಕದ ಸಂಸತ್ತು ಕಟ್ಟುಬಿದ್ದಿಲ್ಲ. ಫಲಿತಾಂಶವನ್ನು ಒಪ್ಪಲೇಬೇಕಾದ ಜನಮತಕ್ಕೆ ದಾರಿ ಮಾಡುವ ಮಸೂದೆಯೊಂದನ್ನು 2022ರ ಡಿಸೆಂಬರ್ 15ರಂದು ಕೆಳಮನೆ 233–191ರಿಂದ ಒಪ್ಪಿತ್ತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಜನವರಿಯಲ್ಲಿ ಹೊಸ ಸಂಸತ್ತು ಕೂಡುವಷ್ಟರಲ್ಲಿ ಮಸೂದೆ ಬಿದ್ದುಹೋಯಿತು.